ನೋಡುವವನಿಲ್ಲದಿದ್ದರೂ

ಹೊಸನಗರ ತಾಲ್ಲೂಕಿನ ಹೊಂಬುಜ ಕ್ಷೇತ್ರಕ್ಕೆ ಬರುವವರು ಜೈನರಷ್ಟೇ ಅಲ್ಲ. ಎಲ್ಲ ಜಾತಿಮತಗಳವರೂ ಪದ್ಮಾವತಿ ಅಮ್ಮನವರ ಮುಂದೆ ಕೈಮುಗಿದು ನಿಲ್ಲುತ್ತಾರೆ. ದೇವಿಯ ಬಲಭಾಗದಿಂದ ಹೂವು ಬಿದ್ದರೆ ಇಷ್ಟಾರ್ಥ ನೆರವೇರುವುದೆಂಬುದು ಅವರ ನಂಬಿಕೆ. ಅಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಮೆಲ್ಲನೆ ಕೇಳಿದರು: "ಮೇಷ್ಟ್ರೇ, ಜಗತ್ತನ್ನು ಸೃಷ್ಟಿಸಿದ ದೇವರನ್ನು ನಿಮ್ಮ ಮತ ಒಪ್ಪುವುದಿಲ್ಲವಂತೆ. ಹಾಗಾದರೆ ಕದಿಯಬಾರದು, ಕೊಲ್ಲಬಾರದು ಎಂದು ನಿಮಗೆ ವಿಧಿಸಿದವರು ಯಾರು? ತಪ್ಪು ಮಾಡಿದಾಗ ಒಳಗೆ ಚುಚ್ಚುವ ಮನಸ್ಸಾಕ್ಷಿಯನ್ನು ಇಟ್ಟವರು ಯಾರು?"

ಇದು ಹಗುರವಾದ ಪ್ರಶ್ನೆಯಲ್ಲ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1788ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನೇ ಮತ್ತೊಂದು ಬಗೆಯಲ್ಲಿ ವಿಚಾರ ಮಾಡಿದ್ದಾನೆ. ಸದ್ಗುಣಿಗೆ ತಕ್ಕ ಸುಖ ಈ ಲೋಕದಲ್ಲಿ ದೊರೆಯುವುದೆಂಬ ಭರವಸೆಯಿಲ್ಲ. ಅವೆರಡೂ ಎಂದಾದರೂ ಕೂಡಬೇಕಾದರೆ ಕೂಡಿಸುವ ದೇವರಿದ್ದಾನೆಂದು ನಾವು ನಂಬಬೇಕಾಗುತ್ತದೆ ಎಂಬುದು ಅವನ ವಾದ. ನೀತಿಯಿಂದ ದೇವರತ್ತ ಸಾಗುವ ವಾದಗಳ ತಿರುಳು ಮೂರು ಮಾತುಗಳಲ್ಲಿದೆ: ಕಟ್ಟಳೆಯಿದ್ದ ಮೇಲೆ ವಿಧಿಸಿದವನಿರಬೇಕು, ಫಲವಿದ್ದ ಮೇಲೆ ಕೊಡುವವನಿರಬೇಕು, ಒಳದನಿಯಿದ್ದ ಮೇಲೆ ನುಡಿಯುವವನಿರಬೇಕು.

ಮೊದಲನೆಯದನ್ನು ನೋಡೋಣ. ಹಿಂಸೆ ಕೆಟ್ಟದ್ದಾದದ್ದು ಯಾರೋ ನಿಷೇಧಿಸಿದ್ದರಿಂದಲೇ? ಹಾಗಾದರೆ ಆ ನಿಷೇಧವನ್ನು ಹಿಂತೆಗೆದುಕೊಂಡ ದಿನ ಹಿಂಸೆ ಒಳ್ಳೆಯದಾಗಬೇಕು. ಇದನ್ನು ಯಾವ ಮತದ ಸಜ್ಜನರೂ ಒಪ್ಪಲಾರರು. ಇರುವೆಯಿಂದ ಮನುಷ್ಯನವರೆಗೆ ಎಲ್ಲ ಜೀವಕ್ಕೂ ನೋವು ಬೇಡ. ಆದ್ದರಿಂದ ನೋಯಿಸುವುದು ತಪ್ಪು. ಅಹಿಂಸೆಗೆ ಆಧಾರ ಆಜ್ಞೆಯಲ್ಲ, ಜೀವದ ಸ್ವಭಾವ.

ಎರಡನೆಯದು ಫಲದ ಮಾತು. ಮಳೆಗಾಲದಲ್ಲಿ ಸಕಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸದ ಅಡಕೆ ತೋಟಕ್ಕೆ ಕೊಳೆರೋಗ ತಗಲುತ್ತದೆ. ಅದು ಯಾರೂ ಕೊಟ್ಟ ಶಿಕ್ಷೆಯಲ್ಲ, ಕಾರಣವಿತ್ತು, ಕಾರ್ಯವಾಯಿತು. ಕರ್ಮವೂ ಹಾಗೆಯೇ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಆತ್ಮ ಜಿಗುಟಾದಾಗ ಕರ್ಮಪರಮಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಕಷಾಯ ಎಷ್ಟು ತೀವ್ರವೋ ಬಂಧವೂ ಅಷ್ಟು ಬಲವಾದದ್ದು. ಲೆಕ್ಕವಿಡಲು ಬೇರೊಬ್ಬ ಶಾನುಭೋಗ ಬೇಕಿಲ್ಲ.

ಮೂರನೆಯದು ಒಳದನಿ. ಆತ್ಮದ ಸ್ವಭಾವವೇ ತಿಳಿವು. ಜ್ಞಾನಾವರಣೀಯ ಕರ್ಮ ಅದನ್ನು ಮಸುಕುಮಾಡುತ್ತದೆಯೇ ಹೊರತು ಅಳಿಸಲಾರದು. ಆಷಾಢದ ಮೋಡ ಎಷ್ಟೇ ದಟ್ಟವಾಗಿದ್ದರೂ ಹಗಲು ಹಗಲೆಂದು ತಿಳಿಯುವುದಿಲ್ಲವೇ? ಮನಸ್ಸಾಕ್ಷಿ ಅಂತಹ ಬೆಳಕು. ಆದ್ದರಿಂದ ನೀತಿಯು ಏನನ್ನೋ ಬೆರಳಿಟ್ಟು ತೋರಿಸುತ್ತದೆಂಬ ಆ ಹಿರಿಯರ ಮಾತು ದಿಟ. ಆದರೆ ಆ ಬೆರಳು ತೋರಿಸುವುದು ಆಕಾಶವನ್ನಲ್ಲ, ನಮ್ಮೊಳಗಿನ ಶುದ್ಧಾತ್ಮವನ್ನು.

ಹಾಗಾದರೆ ಬಸದಿಗೆ ಹೋಗುವುದೇಕೆ? ಜಿನನು ವೀತರಾಗಿ, ಪೂಜಿಸಿದರೆ ಒಲಿಯುವುದಿಲ್ಲ, ನಿಂದಿಸಿದರೆ ಮುನಿಯುವುದಿಲ್ಲ. ಅವನ ಗುಣಗಳು ನಮ್ಮಲ್ಲಿಯೂ ಅರಳಲೆಂದು ನಮಿಸುತ್ತೇವೆ. ಪದ್ಮಾವತಿ ಅಮ್ಮನವರು ಪಾರ್ಶ್ವನಾಥ ತೀರ್ಥಂಕರರ ಶಾಸನದೇವತೆ. ಆಕೆಯೂ ಕರ್ಮನಿಯಮದ ಹೊರಗಿನವಳಲ್ಲ. ಕ್ರಿ.ಶ. 1077ರಲ್ಲಿ ಹೊಂಬುಜದಲ್ಲಿ ಪಂಚಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯ ಪರಂಪರೆ ನಮಗೆ ಕಲಿಸಿದ್ದು ವರ ಬೇಡುವುದನ್ನಷ್ಟೇ ಅಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನವನ್ನು.

ಈ ದಾರಿಯಲ್ಲಿ ಎರಡು ಅಪಾಯಗಳಿವೆ ಎಂಬುದನ್ನು ಮುಚ್ಚಿಡಬಾರದು. ನೊಂದವನನ್ನು ಕಂಡು "ಅವನ ಕರ್ಮ" ಎಂದು ಮುಖ ತಿರುಗಿಸುವುದು ಒಂದು. ಅನುಕಂಪೆಯು ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದೆಂಬುದನ್ನು ಮರೆತವನ ಮಾತು ಅದು. ಅವನ ನೋವು ಅವನ ಕರ್ಮದ ಉದಯವಿರಬಹುದು. ಅದನ್ನು ಕಂಡೂ ಕಲ್ಲಾಗುವುದು ನನ್ನ ಹೊಸ ಬಂಧ. ಇನ್ನೊಂದು ಅಪಾಯ, "ಎಲ್ಲಕ್ಕೂ ನಾನೇ ಕರ್ತೃ" ಎಂಬ ಗರ್ವ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಲ್ಲಿ ತಪಸ್ಸು ಮಾಡಿದರೆಂದು ನಾವು ನಂಬುವ ಕುಂದಕುಂದಾಚಾರ್ಯರು 'ಸಮಯಸಾರ'ದಲ್ಲಿ ಇದನ್ನು ನಿಷ್ಠುರವಾಗಿ ಎಚ್ಚರಿಸಿದ್ದಾರೆ. ದೇವರು ಜಗತ್ತನ್ನು ಮಾಡಿದನೆಂದು ಲೋಕ ನಂಬುತ್ತದೆ. ಆತ್ಮವೇ ಶರೀರಗಳನ್ನೆಲ್ಲ ಮಾಡುತ್ತದೆಂದು ಶ್ರಮಣನು ನಂಬಿದರೆ ಇಬ್ಬರಿಗೂ ವ್ಯತ್ಯಾಸವೇನು ಎಂಬುದು ಅವರ ಪ್ರಶ್ನೆಯ ಭಾವ. ಕರ್ತನಾದ ದೇವರನ್ನು ಬಿಟ್ಟು ಆ ಪೀಠದಲ್ಲಿ ಅಹಂಕಾರವನ್ನು ಕೂರಿಸಿದರೆ ಏನನ್ನೂ ಬಿಟ್ಟಂತಾಗದು.

ಇಷ್ಟೆಲ್ಲ ಶಾಸ್ತ್ರ ಓದಿದ್ದ ನನಗೆ ಪಾಠ ಕಲಿಸಿದ್ದು ಒಬ್ಬ ಹುಡುಗ. ಸಾಗರದ ಕಡೆ ನಾನು ಅಧ್ಯಾಪಕನಾಗಿದ್ದಾಗ ತರಗತಿಯಲ್ಲಿ ಪ್ರವಾಸದ ಹಣ ಕಾಣೆಯಾಯಿತು. ಬಡವರ ಮನೆಯ ಹುಡುಗನೊಬ್ಬನನ್ನು ಎಲ್ಲರೆದುರು ನಿಲ್ಲಿಸಿ ಕಳ್ಳನೆಂದೆ. ವಾರದ ಬಳಿಕ ಆ ಹಣ ನನ್ನದೇ ಹಾಜರಿ ಪುಸ್ತಕದ ರಟ್ಟಿನ ಹೊದಿಕೆಯೊಳಗೆ ಸಿಕ್ಕಿತು. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ. ಹಣ ಸಿಕ್ಕಿದ್ದನ್ನು ನನ್ನ ಹೊರತು ಯಾರೂ ನೋಡಿರಲಿಲ್ಲ. ಬಸದಿಯಲ್ಲಿ ಅಭಿಷೇಕ ಮಾಡಿಸಿದೆ, ಜಪ ಮಾಡಿದೆ, ಮನಸ್ಸು ತಿಳಿಯಾಗಲಿಲ್ಲ. ಕ್ಷಮಿಸಬಲ್ಲ ದೇವರೊಬ್ಬನಿದ್ದರೆ ಎಷ್ಟು ಸುಲಭವಾಗುತ್ತಿತ್ತೆಂದು ಆಗ ನನಗೂ ಅನ್ನಿಸಿತ್ತು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಬಂಧುಗಳ ಮನೆಗಳಿಗೆ ಹೋಗಿ ಕ್ಷಮೆ ಕೇಳುವುದು ಅಭ್ಯಾಸವಾಗಿಹೋಗಿತ್ತು. ಆ ವರ್ಷ ಕೆಸರುದಾರಿಯಲ್ಲಿ ನಡೆದು ಆ ಹುಡುಗನ ಮನೆಯ ಅಂಗಳದಲ್ಲಿ ನಿಂತೆ. ನಡೆದದ್ದನ್ನು ಅವನ ತಂದೆತಾಯಿಯರ ಮುಂದೆ ಹೇಳಿ ಕೈಮುಗಿದೆ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಇದನ್ನು ಶಾಲೆಯಲ್ಲಿ, ಆ ಮಕ್ಕಳ ಮುಂದೆಯೇ ಹೇಳಿ ಸ್ವಾಮಿ" ಎಂದರು. ಮರುದಿನ ಹೇಳಿದೆ. ಹುಡುಗ ಮರಳಿ ಬಂದ. ಆದರೆ ಮೊದಲಿನಂತೆ ನನ್ನ ಮುಖ ನೋಡಿ ನಗಲು ಅವನಿಗೆ ಬಹಳ ಕಾಲ ಬೇಕಾಯಿತು.

ಹೊಂಬುಜದ ಆ ಹಿರಿಯರಿಗೆ ನಾನು ಇದನ್ನೇ ಹೇಳಿದೆ. "ವಿಧಿಸಿದವರು ಯಾರೆಂದು ಕೇಳಿದಿರಿ. ಆ ಹುಡುಗನ ಮುಖವೇ ವಿಧಿಸಿತು. ನೋಡುವವನಿರಲಿ, ಇಲ್ಲದಿರಲಿ, ನನಗೆ ಗೊತ್ತಿತ್ತು." ಅವರು ಸ್ವಲ್ಪ ಯೋಚಿಸಿ ನುಡಿದರು: "ಆ ಅಂಗಳಕ್ಕೆ ನಿಮ್ಮನ್ನು ನಡೆಸಿದ್ದನ್ನು ನಾನು ದೇವರೆನ್ನುತ್ತೇನೆ." ನಾನು ವಾದಿಸಲಿಲ್ಲ. ಅನೇಕಾಂತವನ್ನು ನಂಬಿದವನು ಮತ್ತೊಬ್ಬರ ಕಣ್ಣಿಗೆ ಕಂಡದ್ದನ್ನೂ ಗೌರವಿಸಬೇಕು. ಹೆಸರು ಯಾವುದಾದರೂ ಇರಲಿ, ಅಂಗಳದವರೆಗಿನ ದಾರಿಯನ್ನು ನಾವೇ ನಡೆಯಬೇಕೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.