ಗಾಲಿಮನೆಯ ಮಳೆಗಾಲ

ಜೂನ್ ತಿಂಗಳ ನಡುಹಗಲು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಪಡುವಣ ಅಂಚಿನ ಆರ್‌ವಿ, ಅಂದರೆ ಗಾಲಿಮನೆಗಳ, ಪಾರ್ಕು ಅರ್ಧಕ್ಕರ್ಧ ಬರಿದು. ಚಳಿಗಾಲದಲ್ಲಾದರೆ ಇಲ್ಲಿ ಒಂದು ಜಾಗಕ್ಕೂ ಪೈಪೋಟಿ. ಕೆನಡಾ, ಮಿನೆಸೋಟಾ ಕಡೆಯ ಹಿಮಕ್ಕೆ ಬೆನ್ನು ಮಾಡಿ ಬಂದ ನಿವೃತ್ತರು ತಮ್ಮ ಗಾಲಿಮನೆಗಳನ್ನು ಸಾಲಾಗಿ ನಿಲ್ಲಿಸಿ, ಬಿಸಿಲು ಕಾಯಿಸುತ್ತಾ ಕೂರುತ್ತಾರೆ. ಊರಿನವರು ಅವರನ್ನು ಸ್ನೋಬರ್ಡ್ ಎನ್ನುತ್ತಾರೆ. ಏಪ್ರಿಲ್ ಕಳೆಯುವಷ್ಟರಲ್ಲಿ ಅವರೆಲ್ಲ ಉತ್ತರಕ್ಕೆ ಹೊರಟಾಗಿರುತ್ತದೆ. ಇಲ್ಲೇ ದುಡಿಮೆ ಇರುವವರು, ಬೇರೆ ಮನೆ ಇಲ್ಲದವರು, ಮಳೆ ನೋಡಲೆಂದೇ ನಿಲ್ಲುವವರು ಉಳಿಯುತ್ತಾರೆ. ನಾವು ಉಳಿದವರ ಕಡೆ.

ಬೇಸಿಗೆಯನ್ನು ಆರ್‌ವಿಯೊಳಗೆ ಕಳೆಯುವುದೆಂದರೆ ಬಿಸಿಲಿನ ಜೊತೆ ದಿನವಿಡೀ ಚೌಕಾಸಿ ಮಾಡುವುದು. ಗೋಡೆಯ ದಪ್ಪ ಬೆರಳುಗಳಲ್ಲಿ ಅಳೆಯುವಷ್ಟೇ. ಹೊರಗೆ 42 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸೂರಿನ ಮೇಲಿನ ಎಸಿ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಓಡುತ್ತದೆ. ಕಿಟಕಿಗಳಿಗೆಲ್ಲ ಬೆಳ್ಳಿಬಣ್ಣದ ಹಾಳೆ ಹಚ್ಚಿ ಒಳಗನ್ನು ಮಬ್ಬುಗತ್ತಲಾಗಿಸಬೇಕು. ಟೈರುಗಳಿಗೂ ಬಿಳಿ ಹೊದಿಕೆ ಬೇಕು, ಇಲ್ಲದಿದ್ದರೆ ರಬ್ಬರು ಬಿರಿಯುತ್ತದೆ. ಬಿಸಿಲಲ್ಲಿ ಮಲಗಿದ ಪೈಪಿನಿಂದ ಬರುವ ತಣ್ಣೀರು ಕೈ ಸುಡುತ್ತದೆ. ಹಾಗಾಗಿ ಸ್ನಾನದ ನೀರನ್ನು ರಾತ್ರಿಯೇ ಹಿಡಿದು ಒಳಗಿಟ್ಟುಕೊಳ್ಳುತ್ತೇವೆ. ಅನ್ನ ಸಾರು ಹೊತ್ತು ಮೂಡುವ ಮೊದಲೇ ಆಗಬೇಕು. ಆಮೇಲೆ ಒಲೆ ಹಚ್ಚಿದರೆ ಎಸಿ ಸೋಲುತ್ತದೆ. ಈ ಬಿಸಿಲಿಗೆ ಒಂದು ಉಪಕಾರವೂ ಇದೆ: ಬೆಳಿಗ್ಗೆ ಇಟ್ಟ ಅಕ್ಕಿ ಸಂಡಿಗೆ ಸಂಜೆಗೆ ಗರಿಗರಿ. ಅದನ್ನು ಕಾಯಲು ಕೋಲು ಹಿಡಿದು ಕೂರಬೇಕಾಗಿಲ್ಲ. ಆ ಹೊತ್ತಿಗೆ ಹಕ್ಕಿಗಳೂ ನೆರಳು ಬಿಟ್ಟು ಬರುವುದಿಲ್ಲ.

ಜೂನಿನ ಕೊನೆಗೆ ಜನರ ಕಣ್ಣು ಆಕಾಶಕ್ಕೆ ನೆಡುತ್ತದೆ. ಮೆಕ್ಸಿಕನ್ ಮೂಲದ ಕುಟುಂಬಗಳಿಗೆ ಜೂನ್ 24ರ ಸ್ಯಾನ್ ಹುವಾನ್ ಹಬ್ಬವೇ ಮಳೆಗಾಲದ ಬಾಗಿಲು. ಹವಾಮಾನ ಇಲಾಖೆ ಮೊದಲು ಇಬ್ಬನಿ ಬಿಂದು ನೋಡಿ ಮುಂಗಾರು ಬಂತೆಂದು ಹೇಳುತ್ತಿತ್ತು. 2008ರಿಂದ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ದಿನಗಳನ್ನೇ ಮುಂಗಾರೆಂದು ಗೊತ್ತುಮಾಡಿದೆ. ಆದರೆ ಕ್ಯಾಲೆಂಡರು ಹೇಳಿದ ದಿನ ಮೋಡ ಬರಬೇಕಲ್ಲ! ನಮ್ಮ ಆರಿದ್ರೆಯೂ ಪಂಚಾಂಗದ ಮಾತು ಎಷ್ಟು ಕೇಳುತ್ತದೆ?

ಇದು ಹೆಸರಿಗಷ್ಟೇ ಮುಂಗಾರಲ್ಲ. ಕರ್ನಾಟಕದಲ್ಲಿ ನಡೆಯುವಂತೆ ಇಲ್ಲಿಯೂ ನೆಲ ಕಾದು ಗಾಳಿ ದಿಕ್ಕು ಬದಲಿಸುತ್ತದೆ. ವರ್ಷದ ಬಹುಪಾಲು ಪಡುವಲಿಂದ ಬೀಸುವ ಒಣಗಾಳಿ ಜುಲೈ ಹೊತ್ತಿಗೆ ಹಿಮ್ಮೆಟ್ಟಿ, ದಕ್ಷಿಣದಿಂದ, ಆಗ್ನೇಯದಿಂದ ತೇವ ಹರಿದುಬರುತ್ತದೆ. ಕ್ಯಾಲಿಫೋರ್ನಿಯಾ ಕೊಲ್ಲಿಯೂ ಮೆಕ್ಸಿಕೋ ಕೊಲ್ಲಿಯೂ ಆ ತೇವದ ಮೂಲಗಳು. ಮೆಕ್ಸಿಕೋದ ಸಿಯೆರಾ ಮಾದ್ರೆ ಬೆಟ್ಟಸಾಲಿನಲ್ಲಿ ಮೊದಲು ಧಾರಾಳವಾಗಿ ಸುರಿದು, ಉಳಿದದ್ದು ಗಡಿ ದಾಟಿ ನಮ್ಮತ್ತ ಬರುತ್ತದೆ. ಟೂಸಾನಿಗೆ ವರ್ಷಕ್ಕೆ ಬೀಳುವುದೇ ಸುಮಾರು 270 ಮಿಲಿಮೀಟರು. ಅದರಲ್ಲಿ ಅರ್ಧದಷ್ಟು ಈ ಮೂರೂವರೆ ತಿಂಗಳಿನ ಪಾಲು.

ಮಳೆಗೆ ಮುಂಚಿನ ವಾರ ಎಲ್ಲಕ್ಕಿಂತ ಕಷ್ಟ. ತೇವ ಬಂದಿದೆ, ಹನಿ ಬಂದಿಲ್ಲ. ನೀರಲ್ಲಿ ನೆನೆದ ಪ್ಯಾಡುಗಳ ಮೂಲಕ ಗಾಳಿ ಬಿಡುವ ಕೂಲರನ್ನೇ ನಂಬಿದವರು ಈಗ ಸೋಲುತ್ತಾರೆ. ಒಣಹವೆಯಲ್ಲಿ ತಂಪೆರೆಯುತ್ತಿದ್ದ ಆ ಪೆಟ್ಟಿಗೆ ಈಗ ಬರೀ ಹಸಿಗಾಳಿ ಊದುತ್ತದೆ. ಮಧ್ಯಾಹ್ನ ಎಲ್ಲರ ಎಸಿಗಳೂ ಒಟ್ಟಿಗೆ ಎಳೆದಾಗ ವೋಲ್ಟೇಜು ಕುಸಿದು ಬ್ರೇಕರು ಬೀಳುತ್ತದೆ. ಸಾಂಟಾ ಕಟಲೀನಾ ಬೆಟ್ಟದ ನೆತ್ತಿಯ ಮೇಲೆ ಬಿಳಿ ಮೋಡ ಅಂತಸ್ತು ಅಂತಸ್ತಾಗಿ ಏಳುತ್ತದೆ, ಬುಡ ಕಪ್ಪಾಗುತ್ತದೆ, ಬೂದುಬಣ್ಣದ ಮಳೆಗಾಲುಗಳು ಇಳಿಯುತ್ತವೆ. ನೆಲ ಮುಟ್ಟುವ ಮೊದಲೇ ಅವು ಒಣಗಾಳಿಯಲ್ಲಿ ಆರಿಹೋಗುತ್ತವೆ. ದಿನದಿನವೂ ಇದೇ ನೋಟ. ಪಕ್ಕದ ಟ್ರೇಲರಿನ ಹಿರಿಯರು ಈ ವಾರದಲ್ಲಿ ಏಣಿ ಹಾಕಿ ಸೂರು ಹತ್ತುತ್ತಾರೆ. ಬಿಸಿಲಿಗೆ ಬಿರಿದ ಸೀಲೆಂಟನ್ನು ಕೆರೆದು, ಗವಾಕ್ಷಿಗಳ ಸುತ್ತ ಹೊಸದಾಗಿ ಹಚ್ಚುತ್ತಾರೆ. ಆರ್‌ವಿಯ ಸೂರಿನಲ್ಲಿ ಕೂದಲೆಳೆಯ ಬಿರುಕಿದ್ದರೂ ನೀರು ಗೋಡೆಯೊಳಗೆ ಇಳಿದು ಮರವನ್ನು ಕೊಳೆಸುತ್ತದೆಂದು ಅವರು ನಮಗೂ ಕಲಿಸಿದ್ದಾರೆ.

ಒಂದು ಸಂಜೆ ಗಾಳಿ ತಟ್ಟನೆ ನಿಲ್ಲುತ್ತದೆ. ಬೆಟ್ಟದ ಕಡೆಯಿಂದ ತಂಪು ತೇಲಿ ಬರುತ್ತದೆ, ಅದರ ಹಿಂದೆಯೇ ಕ್ರಿಯೋಸೋಟ್ ಪೊದೆಯ ಕಟುಗಂಪು. ಈ ಪೊದೆಯ ಎಲೆಗೆ ಅಂಟಿದ ರಾಳಕ್ಕೆ ತೇವ ತಗುಲಿದರೆ ಸಾಕು, ಮೈಲಿ ದೂರದ ಮಳೆಯ ಸುದ್ದಿ ಮೂಗಿಗೆ ಮುಟ್ಟುತ್ತದೆ. ಇಲ್ಲಿ ಬೆಳೆದವರಿಗೆ ಇದೇ ಮಳೆಯ ವಾಸನೆ. ಈಗ ತಡಮಾಡುವಂತಿಲ್ಲ. ಬಾಗಿಲ ಮುಂದಿನ ಬಟ್ಟೆಚಪ್ಪರ ಸುತ್ತಬೇಕು, ಕುರ್ಚಿ ಮಡಚಬೇಕು, ಗವಾಕ್ಷಿ ಮುಚ್ಚಬೇಕು. ಸುತ್ತದೆ ಬಿಟ್ಟ ಚಪ್ಪರವನ್ನು ಮೊದಲ ಬೀಸುಗಾಳಿಯೇ ಕಿತ್ತು ಸೂರಿನಾಚೆ ಎಸೆಯುತ್ತದೆ.

ಮೊದಲು ಧೂಳು. ಆಮೇಲೆ ದಪ್ಪ ಹನಿ, ಆಮೇಲೆ ಒಮ್ಮೆಗೇ ಜಡಿತ. ಜ್ಯಾಕಿನ ಮೇಲೆ ನಿಂತ ಮನೆ ಅಲುಗಾಡುತ್ತದೆ, ತೂಗುಹಾಕಿದ ಸೌಟುಗಳು ಒಂದಕ್ಕೊಂದು ತಾಗುತ್ತವೆ. ತಲೆಗೆ ಮೊಳದೆತ್ತರದಲ್ಲಿರುವ ಸೂರಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಎದುರು ಕೂತವರ ಮಾತು ಕೇಳುವುದಿಲ್ಲ. ಕೋಲ್ಮಿಂಚು ಬೆಟ್ಟದಿಂದ ಬೆಟ್ಟಕ್ಕೆ ಹಾಯುತ್ತದೆ. ಕರೆಂಟಿನ ತಂತಿಯನ್ನು ಕಂಬದಿಂದ ಮೊದಲೇ ಬಿಡಿಸಿಟ್ಟಿರುತ್ತೇವೆ. ಕತ್ತಲಲ್ಲಿ ಎಲ್ಲ ಕಿಟಕಿಗಳ ಹಾಳೆ ಕಿತ್ತು ಹೊರಗೆ ನೋಡುತ್ತಾ ಕೂರುವುದು ಆ ಹೊತ್ತಿನ ಏಕೈಕ ಕೆಲಸ. ಅರ್ಧ ಗಂಟೆಯೊಳಗೆ ಸೆಕೆ ಇಳಿದು ಮೈಗೆ ಚಳಿ ಹತ್ತುತ್ತದೆ.

ಸೊಬಗಿನಷ್ಟೇ ಅಪಾಯವೂ ನಿಜ. ವರ್ಷದ ಹೆಚ್ಚು ದಿನ ಬರೀ ಮರಳಾಗಿ ಬಿದ್ದಿರುವ ಹಳ್ಳಗಳಿಗೆ ಇಲ್ಲಿ ವಾಶ್ ಎನ್ನುತ್ತಾರೆ. ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೇ ಬೆಟ್ಟದ ಮೇಲೆ ಸುರಿದ ನೀರು ಕೆಸರು, ಕೊಂಬೆ, ಕಲ್ಲು ಹೊತ್ತು ವಾಶಿನಲ್ಲಿ ನುಗ್ಗಿಬರುತ್ತದೆ. ಅದಕ್ಕೇ ಬಲ್ಲವರು ಅದರ ಒಡಲಲ್ಲಿ ಎಂದೂ ಗಾಡಿ ನಿಲ್ಲಿಸುವುದಿಲ್ಲ. ತಡೆಗಟ್ಟೆ ದಾಟಿ ನೆರೆಗೆ ಕಾರು ಇಳಿಸಿ ಸಿಕ್ಕಿಕೊಂಡವನಿಂದಲೇ ಕಾಪಾಡಿದ ಖರ್ಚು ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿದೆ. ಫೀನಿಕ್ಸ್ ಕಡೆಯ ಬಯಲಿನಲ್ಲಿ ಹಬೂಬ್ ಎಂಬ ಧೂಳಿನ ಗೋಡೆ ಏಳುತ್ತದೆ. 2011ರ ಜುಲೈ 5ರಂದು ಎದ್ದದ್ದು ಒಂದೂವರೆ ಕಿಲೋಮೀಟರು ಎತ್ತರವಿದ್ದು ಇಡೀ ಮಹಾನಗರವನ್ನು ನುಂಗಿತ್ತು. ಹಾಗಾದಾಗ ಗಾಡಿಯನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕಿಳಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕೂರಬೇಕು. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ಹಿಂಬಾಲಿಸಿ ಬಂದು ಗುದ್ದುತ್ತಾರೆ.

ಮಳೆ ನಿಂತ ರಾತ್ರಿ ಗಾಲಿಮನೆಯ ತೆಳುಗೋಡೆ ವರವಾಗುತ್ತದೆ. ನೀರು ನಿಂತ ಗುಂಡಿಯಿಂದ ಕುರಿಮರಿ ಅರಚಿದಂಥ ಕೂಗು ಏಳುತ್ತದೆ. ಅವು ಸ್ಪೇಡ್‌ಫುಟ್ ಕಪ್ಪೆಗಳು. ವರ್ಷದ ಬಹುಕಾಲ ನೆಲದಡಿ ಹುದುಗಿದ್ದು, ಗುಡುಗಿನ ಅದುರು ಮಣ್ಣಿಗಿಳಿದಾಗ ಎದ್ದುಬರುವ ಜೀವಗಳು. ಆ ರಾತ್ರಿಯೇ ಜೊತೆಗೂಡಿ ಮೊಟ್ಟೆ ಇಡುತ್ತವೆ. ಗುಂಡಿ ಬತ್ತುವ ಮೊದಲು ಮರಿಗಳಿಗೆ ಕಾಲು ಮೂಡಬೇಕು. ಎರಡು ವಾರ ಕಳೆಯುವುದರೊಳಗೆ ಅದನ್ನು ಸಾಧಿಸುತ್ತವೆ. ಬೆಳಿಗ್ಗೆ ಒದ್ದೆ ಮರಳಿನ ಮೇಲೆ ಮಖಮಲ್ಲಿನ ಕೆಂಪು ಹುಳಗಳು ಹರಿದಾಡುತ್ತವೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಮಿರಗದ ಮಳೆಗೆ ಏಳುವ ಕೆಂಪು ಹುಳಗಳ ಬಳಗದವೇ ಇವು. ಮಳೆಗೆ ರೆಕ್ಕೆ ಕಟ್ಟಿ ಹಾರಿದ ಗೆದ್ದಲುಗಳೇ ಇವುಗಳ ಊಟ. ಒಣಕೋಲುಗಳ ಕಟ್ಟಿನಂತೆ ನಿಂತಿದ್ದ ಒಕೊಟಿಯೋ ಗಿಡ ಕೆಲವೇ ದಿನಗಳಲ್ಲಿ ಮೈತುಂಬ ಹಸಿರೆಲೆ ಹೊದ್ದುಕೊಳ್ಳುತ್ತದೆ. ಸಗ್ವಾರೊ ಕಳ್ಳಿಯ ಮಡಿಕೆಗಳು ನೀರು ಹೀರಿ ಉಬ್ಬುತ್ತವೆ.

ಈ ನೆಲದ ಮೂಲನಿವಾಸಿಗಳಾದ ತೊಹೊನೊ ಒʼಒಧಮ್ ಜನರಿಗೆ ಹೊಸ ವರುಷ ಹುಟ್ಟುವುದು ಈಗಲೇ. ಮಳೆಗೆ ತುಸು ಮುಂಚೆ ಸಗ್ವಾರೊ ಹಣ್ಣು ಮಾಗುತ್ತದೆ. ಸತ್ತ ಸಗ್ವಾರೊದ ಉದ್ದನೆಯ ಕಡ್ಡಿಗಳಿಂದಲೇ ದೋಟಿ ಮಾಡಿ ಹಣ್ಣು ಕೆಡವುತ್ತಾರೆ, ರಸ ಕಾಯಿಸುತ್ತಾರೆ, ಅದನ್ನು ಹುಳಿಯಿಸಿ ಕುಡಿದು, ಹಾಡಿ ಮಳೆ ಕರೆಯುತ್ತಾರೆ. ಸಗ್ವಾರೊ ಬೀಜ ನೆಲಕ್ಕೆ ಬೀಳುವ ಹೊತ್ತಿಗೇ ಮಳೆ ಬರಬೇಕು, ಬಂದರೆ ಮಾತ್ರ ಮೊಳಕೆ. ಮೊದಲ ತೋಳು ಮೂಡಲು ಐವತ್ತು ವರ್ಷಕ್ಕೂ ಮೇಲೆ ಹಿಡಿಯುವ ಆ ಕಳ್ಳಿಯ ಬಾಳು ಶುರುವಾಗುವುದು ಇಂಥ ಒಂದು ಜುಲೈಯ ಹದದಿಂದ.

ಆ ಹದ ಪ್ರತಿವರ್ಷ ಸಿಗುವುದಿಲ್ಲ. 2020ರಲ್ಲಿ ಮುಂಗಾರು ಕೈಕೊಟ್ಟಿತು. ಮರುವರ್ಷದ ಜುಲೈ ಒಂದರಲ್ಲೇ ಟೂಸಾನಿನಲ್ಲಿ 200 ಮಿಲಿಮೀಟರಿಗೂ ಹೆಚ್ಚು ಸುರಿದು, ಆ ಊರು ಕಂಡ ಅತಿ ಹೆಚ್ಚು ಮಳೆಯ ತಿಂಗಳಾಯಿತು. 2023ರಲ್ಲಿ ಫೀನಿಕ್ಸ್ ಸತತ 31 ದಿನ 43 ಡಿಗ್ರಿಗೂ ಮೇಲೆ ಬೆಂದಿತು. ತೆಳುಗೋಡೆಯ ಮನೆಗಳಲ್ಲಿ ಬೇಸಿಗೆ ಕಳೆಯುವವರಿಗೆ ಎಸಿ ಕೆಟ್ಟ ಒಂದು ಮಧ್ಯಾಹ್ನವೂ ಜೀವದ ಪ್ರಶ್ನೆ. ಹಾಗಾಗಿ ಪಾರ್ಕಿನಲ್ಲಿ ಉಳಿದವರು ದಿನಕ್ಕೊಮ್ಮೆ ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟುತ್ತೇವೆ, ವಯಸ್ಸಾದವರನ್ನು ಮೊದಲು ಕೇಳುತ್ತೇವೆ. ಚಳಿಗಾಲದ ತುಂಬಿದ ಪಾರ್ಕಿನಲ್ಲಿ ಕಾಣದ ನೆರೆಹೊರೆತನ ಖಾಲಿಯಾದ ಪಾರ್ಕಿನಲ್ಲಿ ಕುದುರುತ್ತದೆ.

ಸೊನೊರಾ ಮರುಭೂಮಿಗೆ ಐದು ಋತುಗಳೆಂದು ಇಲ್ಲಿಯ ನಿಸರ್ಗಬಲ್ಲವರು ಎಣಿಸುತ್ತಾರೆ. ಒಣಬೇಸಿಗೆಯೂ ಮಳೆಬೇಸಿಗೆಯೂ ಅವರ ಲೆಕ್ಕದಲ್ಲಿ ಬೇರೆಬೇರೆ. ಅಕ್ಟೋಬರಿನಲ್ಲಿ ಬಂದು ಏಪ್ರಿಲಿನಲ್ಲಿ ಹೋಗುವವರು ಈ ಎರಡನ್ನೂ ಕಾಣದೆ ಹೋಗುತ್ತಾರೆ. ಅವರು ನೋಡುವ ಕಳ್ಳಿ, ಪೊದೆ, ಹಕ್ಕಿ ಎಲ್ಲವೂ ಬದುಕಿ ಉಳಿದಿರುವುದು ಅವರಿಲ್ಲದ ತಿಂಗಳುಗಳ ಕೃಪೆಯಿಂದ. ಈ ಮರುಭೂಮಿಯನ್ನು ನೋಡಬೇಕು, ಯಾವಾಗ ಬರಲಿ ಎಂದು ಕೇಳುವ ಕನ್ನಡದ ಗೆಳೆಯರಿಗೆ ನಾನು ಹೇಳುವುದು ಒಂದೇ: ಡಿಸೆಂಬರಿನ ಹಿತವಾದ ಬಿಸಿಲಿಗೆ ಬೇಡ, ಜುಲೈ ಕೊನೆಗೆ ಬನ್ನಿ. ನೀರು ಹೆಚ್ಚಾಗಿ ತನ್ನಿ, ವಾಶಿನಿಂದ ದೂರ ಗಾಡಿ ನಿಲ್ಲಿಸಿ, ಸಂಜೆ ಬೆಟ್ಟದ ಮೇಲೆ ಮೋಡ ಕಟ್ಟುವವರೆಗೆ ತಾಳ್ಮೆಯಿಂದ ಕಾಯಿರಿ. ಮಳೆಯ ಬೆಲೆ ಅರಿತ ನಾಡಿನಿಂದ ಬಂದವರಿಗೆ ಮುಂದಿನದನ್ನು ಯಾರೂ ವಿವರಿಸಬೇಕಾಗಿಲ್ಲ.