ಲಿಫ್ಟ್ ಬಾಗಿಲಾಚೆ ಡ್ರ್ಯಾಗನ್

ಕುವೈತಿನ ಮಹಬೂಲಾದ ಒಂದು ಬಿಲ್ಡಿಂಗು.
ಲಿಫ್ಟ್ ಬಾಗಿಲು ತೆರೆದಾಗ ಎದುರಿಗೆ ಡ್ರ್ಯಾಗನ್ ನಿಂತಿದ್ರೆ?
ಒಳಗಿರೋದು ಒಬ್ಬ ನರ್ಸು, ಒಬ್ಬ ಎಸಿ ಮೆಕ್ಯಾನಿಕ್, ಒಬ್ಬರು ಬಕಾಲಾ, ಅಂದ್ರೆ ದಿನಸಿ ಅಂಗಡಿಯವರು.
ಯಾರ ಹತ್ರಾನೂ ಕತ್ತಿ ಇಲ್ಲ!

ಇಂಥ ಕಥೆ ಕಟ್ಟೋ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್.
1974ರಲ್ಲಿ ಅಮೆರಿಕದಲ್ಲಿ ಬಂದಿದ್ದು.
ಮೇಜಿನ ಸುತ್ತ ಕೂತು, ಮಾತಲ್ಲೇ ಆಡೋದು.

ತಾಳಮದ್ದಳೆ ಗೊತ್ತಲ್ಲ?
ವೇಷ ಇಲ್ಲ, ಕುಣಿತ ಇಲ್ಲ.
ಭಾಗವತರು ಪದ ಹೇಳ್ತಾರೆ,
ಅರ್ಥಧಾರಿ ಕೂತಲ್ಲೇ ಕರ್ಣ ಆಗ್ತಾರೆ.
ಮಾತು ಅಲ್ಲಲ್ಲೇ ಹುಟ್ಟುತ್ತೆ.
ಇದೂ ಹಾಗೇ. ಕಥೆ ನಡೆಸೋ ಗೇಮ್ ಮಾಸ್ಟರೇ ಇಲ್ಲಿ ಭಾಗವತರು.
ಆದ್ರೆ ಕರ್ಣನ ಕೊನೆ ನಮಗೆ ಮೊದಲೇ ಗೊತ್ತು.
ಇಲ್ಲಿ ಅದು 20 ಮುಖದ ದಾಳದ ಕೈಲಿ.

ಇದೇ ಹೆಸರಿನ 1983ರ ಕಾರ್ಟೂನಲ್ಲೂ ನಮ್ಮ ಲೋಕದ ಮಕ್ಕಳೇ ಆಟದ ಲೋಕಕ್ಕೆ ಹೋಗಿ ಬಿದ್ದಿದ್ರು.
ಅವರಿಗೆ ಮಾಯಾ ಆಯುಧ ಸಿಕ್ತು.
ನಾನು ಗೇಮ್ ಮಾಸ್ಟರ್ ಆದ್ರೆ ಲಿಫ್ಟಿನ ಮೂವರಿಗೆ ಅದನ್ನ ಕೊಡಲ್ಲ.
ಕಸುಬೇ ಶಕ್ತಿ ಆಗ್ಲಿ.

ನರ್ಸು ರಕ್ತ ನಿಲ್ಲಿಸ್ತಾರೆ.
ಬಕಾಲಾದವರು ಅರಬ್ಬಿ, ಹಿಂದಿ, ಮಲಯಾಳ, ಎಲ್ಲದರಲ್ಲೂ ವ್ಯಾಪಾರ ಕುದುರಿಸಿದೋರು.
ದಾರೀಲಿ ಸಿಗೋ ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸನ ಜೊತೆ ಮಾತಿಗೆ ಅವರೇ ಮುಂದೆ.
ಎಸಿ ಮೆಕ್ಯಾನಿಕ್ಕು?
ಕುವೈತಿನ ಜುಲೈ ಬಿಸಿಲಲ್ಲಿ, ಟೆರೇಸ್ ಮೇಲೆ, ಕಾದ ಕಂಪ್ರೆಸರ್ ಬಿಚ್ಚಿದ ಕೈ ಅದು.
ಡ್ರ್ಯಾಗನ್ ಬೆಂಕಿ ಉಗುಳಿದಾಗ,
ಅವರ ದಾಳಕ್ಕೆ 2 ಅಂಕ ಜಾಸ್ತಿ!

ಅವರ ಮೊಬೈಲು ಇರ್ಲಿ, ಕಿತ್ಕೋಬೇಡಿ.
ಸಿಗ್ನಲ್ ಇಲ್ಲ, ಟಾರ್ಚ್ ಇದೆ.
ಬ್ಯಾಟರಿ 40.
ಒಂದ್ಸಲ ಹಚ್ಚಿದ್ರೆ 10 ಖಾಲಿ.
ಈಗ ಹಚ್ಚೋಣ್ವಾ, ಆಮೇಲಾ?
ಆ ಜಗಳಾನೇ ಆಟದ ಜೀವ.

ನಿಮ್ಮ ಕೆಲಸ ಏನು?
ಡ್ರ್ಯಾಗನ್ ಗುಹೆಯೊಳಗೆ ಅದು ಯಾವುದಕ್ಕೆ ಬರುತ್ತೆ?
ಕಮೆಂಟಲ್ಲಿ ಹೇಳಿ.