‘ಪಂಪ್ ಹೋಗಿದೆ ಸಾರ್’ ಅನ್ನುವ ಮುನ್ನ

2020ರ ಏಪ್ರಿಲ್‌ನಲ್ಲಿ ಬಿಎಸ್‌–6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಕಾಣೆಯಾಯಿತು. ಅದರ ಜಾಗಕ್ಕೆ ಇಂಜೆಕ್ಟರ್ ಬಂತು, ಅದಕ್ಕೆ ಪೆಟ್ರೋಲ್ ಒತ್ತಿ ಕೊಡಲು ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಬಂತು. ಗಾಡಿ ನಿಂತಾಗ ಮೊದಲೆಲ್ಲ ‘ಕಾರ್ಬೊರೇಟರ್ ಕ್ಲೀನ್ ಮಾಡಿಸಿ’ ಅನ್ನುತ್ತಿದ್ದವರು ಈಗ ‘ಪಂಪ್ ಹೋಗಿದೆ’ ಅನ್ನುತ್ತಾರೆ. ಕಾರ್ಬೊರೇಟರ್ ತೊಳೆಯುವುದಕ್ಕೆ ಕೂಲಿ ಕೊಟ್ಟರೆ ಮುಗಿಯುತ್ತಿತ್ತು. ಪಂಪ್ ಬದಲಾಯಿಸಿದರೆ ಬಿಲ್ಲು ಸಾವಿರಗಳಲ್ಲಿ. ಹಾಗಾಗಿ ಈ ಮಾತನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು.

‘ಕೀ ಹಾಕಿದಾಗ ಸದ್ದಿಲ್ಲ, ಅಂದರೆ ಪಂಪ್ ಸತ್ತಿದೆ’

ಕೀ ಆನ್ ಮಾಡಿದ ತಕ್ಷಣ ಟ್ಯಾಂಕಿನೊಳಗಿಂದ ಎರಡು–ಮೂರು ಸೆಕೆಂಡು ‘ಝೂಂಯ್’ ಎಂಬ ಸದ್ದು ಬಂದು ನಿಲ್ಲುತ್ತದೆ. ಪಂಪ್ ಪೈಪಿನಲ್ಲಿ ಒತ್ತಡ ಕಟ್ಟುವ ಸದ್ದು ಅದು. ಸದ್ದು ಬರಲಿಲ್ಲವೆಂದರೆ ಪಂಪ್ ತಿರುಗಲಿಲ್ಲ ಎನ್ನುವುದಷ್ಟೇ ಖಚಿತ. ಯಾಕೆ ತಿರುಗಲಿಲ್ಲ ಎನ್ನುವುದಕ್ಕೆ ಹತ್ತಾರು ಕಾರಣಗಳಿವೆ. ಮೊದಲು ಕಿಲ್ ಸ್ವಿಚ್ ನೋಡಿ. ಪಾರ್ಕಿಂಗಿನಲ್ಲಿ ಯಾರೋ ಮಕ್ಕಳು ಒತ್ತಿ ಹೋಗಿದ್ದರೂ ಹಲವು ಮಾಡೆಲ್‌ಗಳಲ್ಲಿ ಪಂಪ್‌ಗೆ ಕರೆಂಟೇ ಹೋಗುವುದಿಲ್ಲ. ಗಾಡಿ ಕೆಳಗೆ ಬಿದ್ದು ಎದ್ದಮೇಲೆ ಸ್ಟಾರ್ಟ್ ಆಗುತ್ತಿಲ್ಲವೇ? ವಾಲುವಿಕೆಯನ್ನು ಗಮನಿಸುವ ಸೆನ್ಸರ್ ಎಂಜಿನ್ ಬಂದ್ ಮಾಡಿರುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಫ್ಯೂಸ್, ರಿಲೇ, ಕನೆಕ್ಟರ್. ಇಷ್ಟೂ ಸರಿಯಿದ್ದಾಗ ಮಾತ್ರ ಪಂಪಿನ ಮೇಲೆ ಅನುಮಾನ ಪಡಬೇಕು.

ಇದರ ತಿರುಗುಮುರುಗು ನಂಬಿಕೆಯೂ ಇದೆ: ಸದ್ದು ಬಂತು, ಪಂಪ್ ಚೆನ್ನಾಗಿದೆ ಅನ್ನುವುದು. ಮೋಟರ್ ತಿರುಗಿದ ಮಾತ್ರಕ್ಕೆ ಒತ್ತಡ ಬಂತೆಂದು ಅರ್ಥವಲ್ಲ. ಬಹುಪಾಲು ಬೈಕುಗಳಿಗೆ ಬೇಕಾದದ್ದು 3 ಬಾರ್ ಆಸುಪಾಸಿನ ಒತ್ತಡ. ಜಾಲರಿಯಲ್ಲಿ ಕಸ ಕಟ್ಟಿದ್ದರೆ, ಒಳಗಿನ ಪೈಪ್ ಸೀಳಿದ್ದರೆ, ಒತ್ತಡದ ರೆಗ್ಯುಲೇಟರ್ ಸೋರುತ್ತಿದ್ದರೆ ಸದ್ದು ಎಂದಿನಂತೆ ಬರುತ್ತದೆ, ಗಾಡಿ ಮಾತ್ರ ಏರು ರಸ್ತೆಯಲ್ಲಿ ಏದುಸಿರು ಬಿಡುತ್ತದೆ. ಕಿವಿಯಿಂದ ಇದು ಗೊತ್ತಾಗುವುದಿಲ್ಲ, ಗೇಜ್ ಹಾಕಲೇಬೇಕು.

‘ಮೀಟರಿನಲ್ಲಿ 12 ವೋಲ್ಟ್ ತೋರಿಸ್ತಿದೆ, ವೈರಿಂಗ್ ಸರಿಯಿದೆ’

ಒಳ್ಳೆಯ ಕೈಚಳಕ ಇರುವವರೂ ಜಾರುವುದು ಇಲ್ಲಿಯೇ. ಪಂಪಿನ ಕನೆಕ್ಟರ್ ಕಳಚಿ, ಮಲ್ಟಿಮೀಟರ್ ಹಿಡಿದು, 12 ಬಂತು ಎಂದು ಪಂಪನ್ನು ಬಿಚ್ಚುತ್ತಾರೆ. ಆದರೆ ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಹಸಿರುಗಟ್ಟಿದ ಪಿನ್ನಿನ ಮೂಲಕವೂ ಅದಕ್ಕೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಲೋಡ್ ಬಿದ್ದಾಗ ಕಥೆ ಬೇರೆ. ಕಿಲುಬು ಹಿಡಿದ ಪಿನ್ನಿನಲ್ಲಿ ಕೇವಲ ಒಂದು ಓಮ್ ತಡೆ ಇದೆ ಎಂದುಕೊಳ್ಳಿ. ಪಂಪ್ 3 ಆಂಪಿಯರ್ ಎಳೆದರೆ ಅಲ್ಲಿಯೇ 3 ವೋಲ್ಟ್ ಖರ್ಚಾಯಿತು, ಪಂಪಿಗೆ ಉಳಿದದ್ದು 9. ಅದು ನಿಧಾನಕ್ಕೆ ತಿರುಗುತ್ತದೆ, ಒತ್ತಡ ಏರುವುದಿಲ್ಲ, ಬೈಗುಳ ಪಂಪಿಗೆ.

ಆದ್ದರಿಂದ ಕನೆಕ್ಟರ್ ಹಾಕಿಟ್ಟೇ ಅಳೆಯಬೇಕು. ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ, ಇನ್ನೊಬ್ಬರಿಗೆ ಕೀ ಆನ್ ಮಾಡಲು ಹೇಳಿ, ಆ ಎರಡು ಸೆಕೆಂಡಿನಲ್ಲಿ ಅಂಕಿ ಎಷ್ಟಕ್ಕೆ ಇಳಿಯುತ್ತದೆ ನೋಡಬೇಕು. ಬ್ಯಾಟರಿಯಲ್ಲಿರುವುದಕ್ಕೂ ಇಲ್ಲಿರುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದಾರಿಯಲ್ಲಿ ಎಲ್ಲೋ ಕಳ್ಳತನವಿದೆ. ಪ್ಲಸ್ ವೈರ್ ನೋಡಿ ಬಿಟ್ಟರೆ ಸಾಲದು, ಅರ್ಥ್ ವೈರಿನ ಬೋಲ್ಟ್ ಬಿಚ್ಚಿ ತುಕ್ಕು ಕೆರೆಯಬೇಕು. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ, ಅದರಲ್ಲೂ ಪ್ರೆಶರ್ ವಾಟರ್ ಹೊಡೆಸಿಕೊಂಡ ಗಾಡಿಗಳಲ್ಲಿ, ರೋಗ ಹೆಚ್ಚಾಗಿ ಇಲ್ಲೇ ಅಡಗಿರುತ್ತದೆ.

‘ಲೈಟ್ ಉರಿತಿದೆ, ಹಾರ್ನ್ ಹೊಡಿತಿದೆ, ಬ್ಯಾಟರಿಗೇನಾಗಿದೆ?’ ಎಲ್‌ಇಡಿ ಲೈಟಿಗೆ ಬೇಕಾದ ಕರೆಂಟು ಸ್ವಲ್ಪ, ಸೆಲ್ಫ್ ಮೋಟರಿಗೆ ಹತ್ತಾರು ಆಂಪಿಯರ್. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು. ಸೆಲ್ಫ್ ಒತ್ತಿದಾಗ ಅದು 10ರ ಕೆಳಗೆ ಕುಸಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಕಣ್ಣು ಮುಚ್ಚಬಹುದು, ಪಂಪೂ ನಿಲ್ಲಬಹುದು. ಹಾಗೆಂದು ಹೊಸ ಬ್ಯಾಟರಿ ತರಲು ಓಡಬೇಡಿ. ಎಂಜಿನ್ ಓಡುವಾಗ, ಆಕ್ಸಿಲರೇಟರ್ ಕೊಟ್ಟಾಗ, ಬ್ಯಾಟರಿಯ ತುದಿಗಳಲ್ಲಿ 13.5ರಿಂದ 14.5ರವರೆಗೆ ಬರಬೇಕು. 12ರಲ್ಲೇ ನಿಂತಿದ್ದರೆ ತಪ್ಪು ವೋಲ್ಟೇಜ್ ರೆಗ್ಯುಲೇಟರ್‌ನದೋ ಚಾರ್ಜಿಂಗ್ ಕಾಯಿಲ್‌ನದೋ. ಹೊಸ ಬ್ಯಾಟರಿಯೂ ವಾರದಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ.

‘ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ’ ಎಂಬ ಸಲಹೆಗೂ ಇಲ್ಲೇ ಉತ್ತರವಿದೆ. ಸೆಲ್ಫ್ ಎತ್ತದಿದ್ದರೂ ಪಂಪಿನ ಸದ್ದು ಬರುವಷ್ಟು ಜೀವ ಬ್ಯಾಟರಿಯಲ್ಲಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಎತ್ತಿಸಬಹುದು. ಬ್ಯಾಟರಿ ಪೂರ್ತಿ ಸತ್ತಿದ್ದರೆ, ಇಂಜೆಕ್ಷನ್ ಗಾಡಿಗಳಲ್ಲಿ ಸಾಮಾನ್ಯವಾಗಿ, ತಳ್ಳಿದ ಗೆಳೆಯರಿಗೆ ಬೆವರು ಬರುವುದೊಂದೇ ಫಲ.

ಫ್ಯೂಸಿನ ಬಗ್ಗೆ ಒಂದೇ ಮಾತು. 10 ಆಂಪಿಯರ್ ಜಾಗಕ್ಕೆ 20ರದನ್ನೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯನ್ನೋ ಹಾಕಿದರೆ ಮುಂದಿನ ಸಲ ಸುಡುವುದು ವೈರ್. ಹೊಸ ಫ್ಯೂಸ್ ಮತ್ತೆ ಹೋಯಿತೆಂದರೆ ಹ್ಯಾಂಡಲ್ ತಿರುಗುವಲ್ಲಿ, ಟ್ಯಾಂಕಿನ ಅಡಿಯಲ್ಲಿ ವೈರ್ ಉಜ್ಜಿ ಬರಿದಾಗಿದೆಯೇ ನೋಡಿ. ರಿಲೇ ಇಲ್ಲದೆ ಕಟ್ಟಿಸಿದ ಫಾಗ್ ಲೈಟನ್ನೂ ಬಿಡಬೇಡಿ.

‘ಎಥೆನಾಲ್ ಪಂಪನ್ನು ತಿಂದುಹಾಕ್ತು’

ಅರ್ಧ ನಿಜ. ಹಳೆಯ ಗಾಡಿಗಳ ರಬ್ಬರ್ ಭಾಗಗಳಿಗೆ ಪೆಟ್ರೋಲಿನಲ್ಲಿ ಬೆರೆಸಿದ 20 ಪ್ರತಿಶತ ಎಥೆನಾಲ್ ಒಗ್ಗದಿರಬಹುದು. ಆದರೆ ಎಥೆನಾಲಿನ ದೊಡ್ಡ ಗುಣ ನೀರನ್ನು ಹೀರಿಕೊಳ್ಳುವುದು. ನೀರು ಮಿತಿ ಮೀರಿದಾಗ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ನೀರು ಎಲ್ಲಿಂದ ಬಂತು ಎಂದು ಹುಡುಕಿದರೆ ಟ್ಯಾಂಕಿನ ಮುಚ್ಚಳದ ಸುತ್ತಲಿನ ಸಣ್ಣ ತೂತು ಕಾಣುತ್ತದೆ. ಮಳೆನೀರು ಹರಿದುಹೋಗಲು ಇಟ್ಟ ಅದು ದೂಳು ಕಟ್ಟಿ ಮುಚ್ಚಿದ್ದರೆ ನೀರು ಒಳಗೆ ಜಿನುಗುತ್ತದೆ. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಎರಡು ಪದರ ಕಣ್ಣಿಗೇ ಬೀಳುತ್ತದೆ. ಮುಚ್ಚಳದ ಗಾಳಿಯಾಡುವ ತೂತು ಮುಚ್ಚಿಕೊಂಡರೆ ಇನ್ನೊಂದು ಆಟ: ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದಾಗ ‘ಉಸ್’ ಎಂದು ಗಾಳಿ ಒಳಹೋಗಿ ಮತ್ತೆ ಓಡುತ್ತದೆ. ಇದಕ್ಕೂ ಪಂಪ್ ಬದಲಿಸಿಕೊಂಡವರಿದ್ದಾರೆ.

ಪಂಪಿನ ಆಯಸ್ಸನ್ನು ನಿಜಕ್ಕೂ ಕಡಿಮೆ ಮಾಡುವ ಅಭ್ಯಾಸ ನಮ್ಮದೇ. ಪಂಪಿನ ಬಿಸಿ ಇಳಿಸುವುದೂ ಅದಕ್ಕೆ ಜಾರುಗುಣ ಕೊಡುವುದೂ ಸುತ್ತಲಿನ ಪೆಟ್ರೋಲ್. ದಿನವೂ ನೂರು ರೂಪಾಯಿದು ಹಾಕಿಸಿ ರಿಸರ್ವಿನಲ್ಲೇ ಓಡಿಸಿದರೆ ಅದು ಕಾದು ಸವೆಯುತ್ತದೆ. ಟ್ಯಾಂಕಿನ ತಳಕ್ಕೆ ಎರಡು ಏಟು ತಟ್ಟಿದಾಗ ಪಂಪ್ ಎದ್ದು ಕೂತರೆ ಒಳಗಿನ ಬ್ರಷ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಅಂಥ ಪಂಪನ್ನು ನಂಬಿ ಚಾರ್ಮಾಡಿ ಘಾಟಿ ಹತ್ತಬೇಡಿ, ಬದಲಿಸಿ. ಬದಲಿಸುವಾಗ ಹೊರತೆಗೆದ ಪಂಪಿಗೆ ಟ್ಯಾಂಕಿನ ಬಾಯಿ ಪಕ್ಕದಲ್ಲೇ ಬ್ಯಾಟರಿಯಿಂದ ನೇರ ವೈರ್ ಮುಟ್ಟಿಸಿ ‘ಟೆಸ್ಟ್’ ಮಾಡಲು ಯಾರಿಗೂ ಬಿಡಬೇಡಿ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.